ಬುದ್ಧಿ ಹೇಳೋದಕ್ಕೂ ಥೆರಪಿಗೂ ಏನು ವ್ಯತ್ಯಾಸ?

ಪ್ರಶ್ನೆ: ಮೇಡಂ, ನಮ್ಮದು ಮಂಡ್ಯದ ಹತ್ತಿರ ಒಂದು ಹಳ್ಳಿ. ನಾನು ಪ್ರೈಮರಿ ಶಾಲೆ ಟೀಚರ್. ನನ್ನ ತಮ್ಮನಿಗೆ 27 ವರ್ಷ. ಮೈಸೂರಿನಲ್ಲಿ ರೂಮ್ ಮಾಡಿಕೊಂಡು ನಾಲ್ಕು ವರ್ಷ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದಿದ. ಪಿಡಿಒ, ಎಫ್‌ಡಿಎ ಯಾವುದೂ ಆಗಲಿಲ್ಲ. ಎಂಟು ತಿಂಗಳ ಹಿಂದೆ ಊರಿಗೆ ಬಂದವನು ಕೋಣೆ ಬಿಟ್ಟು ಹೊರಗೆ ಬರ್ತಿಲ್ಲ. ಡಾಕ್ಟರ್ ಖಿನ್ನತೆ ಅಂತ ಹೇಳಿ ಎರಡು ತಿಂಗಳಿಂದ ಮಾತ್ರೆ ಕೊಡ್ತಿದ್ದಾರೆ. ನಿದ್ದೆ, ಊಟ ಸರಿಹೋಗಿದೆ, ಆದರೆ ಏನೂ ಮಾಡೋದಿಲ್ಲ. ಜೊತೆಗೆ ಸೈಕೋಥೆರಪಿನೂ ಶುರು ಮಾಡಿ ಅಂದರು. ವಿಚಾರಿಸಿದರೆ ಒಬ್ಬರು ಸಿಬಿಟಿ ಅಂತಾರೆ, ಇನ್ನೊಬ್ಬರು ಸೈಕೋಡೈನಮಿಕ್ ಅಂತಾರೆ, ಮತ್ತೊಬ್ಬರು ಎರಡು ಸಿಟ್ಟಿಂಗ್ ಹಿಪ್ನಾಟಿಸಂ ಸಾಕು ಅಂತಾರೆ. ಅಪ್ಪ ಮಾತ್ರ "ಮಾತಾಡೋಕೆ ಸಾವಿರ ರೂಪಾಯಿ ಯಾಕೆ? ನಾವು ಹೇಳದೇ ಇರೋದನ್ನ ಅವರೇನು ಹೇಳ್ತಾರೆ?" ಅಂತ ಕೂತಿದ್ದಾರೆ. ಯಾವುದನ್ನ ಆರಿಸಲಿ? ಥೆರಪಿ ಶುರುವಾದರೆ ಮಾತ್ರೆ ನಿಲ್ಲಿಸಬಹುದಾ?

ಉತ್ತರ: ಮೊದಲು ನಿಮ್ಮ ಅಪ್ಪನ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಅದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಅದು ಅವರಿಗೆ ಒಪ್ಪಿಗೆಯಾದರೆ ಮಿಕ್ಕಿದ್ದು ಸಲೀಸು.

ನಮ್ಮ ಕಡೆ ಯಾರಾದರೂ ಮಂಕಾಗಿ ಕೂತರೆ ಇಡೀ ಊರೇ ಬಂದು ಬುದ್ಧಿ ಹೇಳುತ್ತದೆ. ಸೋದರಮಾವ ಬಂದು "ಧೈರ್ಯ ತಗೋ" ಅಂತಾರೆ. ಪಕ್ಕದ ಮನೆಯವರು "ಅವರ ಮಗನ್ನ ನೋಡು, ಕಬ್ಬು ಹಾಕ್ಕೊಂಡು ಎಷ್ಟು ಚೆನ್ನಾಗಿದ್ದಾನೆ" ಅಂತಾರೆ. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಒಂದು ವಿಷಯ ಯೋಚನೆ ಮಾಡಿ. ಇದೆಲ್ಲ ನಿಮ್ಮ ತಮ್ಮನಿಗೆ ಗೊತ್ತಿಲ್ವಾ? ಅವನು ಹಾಸಿಗೆಯಲ್ಲಿ ಮಲಗಿಕೊಂಡೇ ದಿನಕ್ಕೆ ನೂರು ಸಲ "ಏಳು, ಏನಾದರೂ ಮಾಡು" ಅಂತ ತನಗೆ ತಾನೇ ಹೇಳಿಕೊಳ್ಳುತ್ತಿರುತ್ತಾನೆ. ಏಳೋಕೆ ಆಗೋದಿಲ್ಲ. ಆಗ ಪ್ರತಿ ಬುದ್ಧಿಮಾತೂ "ಇಷ್ಟು ಸುಲಭದ್ದೂ ನನ್ನ ಕೈಲಿ ಆಗ್ತಿಲ್ಲ, ನಾನು ಯಾತಕ್ಕೂ ಬಾರದವನು" ಅನ್ನೋದಕ್ಕೆ ಇನ್ನೊಂದು ಸಾಕ್ಷಿಯಾಗುತ್ತದೆ.

ಇದನ್ನು ನಾನೂ ಏಟು ತಿಂದೇ ಕಲಿತಿದ್ದು. ಟ್ರೈನಿಂಗ್‌ನಲ್ಲಿದ್ದಾಗ ವಯಸ್ಸಾದ ರೈತರೊಬ್ಬರು ಬಂದಿದ್ದರು. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ನಾನು ಮುಕ್ಕಾಲು ಗಂಟೆ ಸಮಾಧಾನ ಹೇಳಿದೆ, ಮೊಮ್ಮಕ್ಕಳ ಮುಖ ನೋಡಿ ಬದುಕಬೇಕು ಅಂದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಟವಲ್ ಹೆಗಲಿಗೆ ಹಾಕಿಕೊಂಡು ಎದ್ದು, "ನಮ್ಮವ್ವನೂ ಇದ್ನೇ ಹೇಳ್ತಳೆ ಕಣವ್ವ" ಅಂದರು. ಮತ್ತೆ ಬರಲಿಲ್ಲ. ಅವರ ಹೆಂಡತಿ ಹೆಸರೇನು ಅಂತ ಕೂಡ ನಾನು ಕೇಳಿರಲಿಲ್ಲ. ಈಗಲೂ ಅದು ನನ್ನನ್ನ ಕಾಡುತ್ತದೆ.

ಅದಕ್ಕೇ ನಿಮ್ಮ ಅಪ್ಪನಿಗೆ ಹೀಗೆ ಹೇಳಿ. ಕೈ ಮುರಿದವರಿಗೆ ಪ್ಲಾಸ್ಟರ್ ಬಿಚ್ಚಿದ ಮೇಲೆ ಫಿಸಿಯೋಥೆರಪಿ ಮಾಡಿಸುತ್ತಾರಲ್ಲ, ಅಲ್ಲಿ "ಕೈ ಎತ್ತು" ಅಂತ ಹೇಳೋದಕ್ಕೆ ದುಡ್ಡು ಕೊಡೋದಿಲ್ಲ. ಎಷ್ಟು ಎತ್ತಬಹುದು, ಎಲ್ಲಿ ನೋಯುತ್ತದೆ, ಇವತ್ತು ಎಷ್ಟು ಸಾಕು, ನಾಳೆ ಎಷ್ಟು ಜಾಸ್ತಿ ಮಾಡಬೇಕು ಅಂತ ನೋಡಿ ಮಾಡಿಸೋದಕ್ಕೆ ಕೊಡುತ್ತೇವೆ. ಸೈಕೋಥೆರಪಿಯೂ ಹಾಗೇ. ಥೆರಪಿಸ್ಟ್ ಜಾಸ್ತಿ ಕೇಳುತ್ತಾರೆ, ಕಡಿಮೆ ಹೇಳುತ್ತಾರೆ, ಮನೆಗೆ ಹೋಗಿ ಮಾಡೋದಕ್ಕೆ ಚಿಕ್ಕ ಕೆಲಸ ಕೊಡುತ್ತಾರೆ, ಮುಂದಿನ ವಾರ ಅದು ಏನಾಯ್ತು ಅಂತ ನೋಡುತ್ತಾರೆ. ಇದರಿಂದ ಉಪಯೋಗ ಉಂಟಾ ಅಂತ ಲೆಕ್ಕ ಹಾಕಿಯೂ ನೋಡಿದ್ದಾರೆ. 1977ರಲ್ಲಿ ಸ್ಮಿತ್ ಮತ್ತು ಗ್ಲಾಸ್ ಅನ್ನೋ ಇಬ್ಬರು ಅಮೆರಿಕದ ಸಂಶೋಧಕರು ಅದುವರೆಗೆ ನಡೆದಿದ್ದ 375 ಅಧ್ಯಯನಗಳನ್ನ ಒಟ್ಟಿಗೆ ಸೇರಿಸಿ ನೋಡಿದರು. ಥೆರಪಿ ತೆಗೆದುಕೊಂಡ ಸರಾಸರಿ ವ್ಯಕ್ತಿ, ತೆಗೆದುಕೊಳ್ಳದ 100 ಜನರಲ್ಲಿ 75 ಜನರಿಗಿಂತ ಚೆನ್ನಾಗಿದ್ದ.

ಈಗ ನಿಮಗೆ ಹೇಳಿದ ಹೆಸರುಗಳಿಗೆ ಬರೋಣ.

ಸೈಕೋಡೈನಮಿಕ್ ಅನ್ನೋದು ಸಿಬಿಟಿಗಿಂತ ಹಳೆಯದು. ವಿಯೆನ್ನಾದ ಫ್ರಾಯ್ಡ್ ಇದರ ಮೂಲಪುರುಷ. 1895ರಲ್ಲಿ ಅವರು ಬ್ರಾಯರ್ ಅನ್ನೋ ಹಿರಿಯ ವೈದ್ಯರ ಜೊತೆ ಸೇರಿ ಪ್ರಕಟಿಸಿದ ಪುಸ್ತಕದಲ್ಲಿ ಬ್ರಾಯರ್ ಅವರ ರೋಗಿಯೊಬ್ಬಳ ಕಥೆ ಬರುತ್ತದೆ. "ಮಾತಿನ ಚಿಕಿತ್ಸೆ" ಅನ್ನೋ ಹೆಸರು ಕೊಟ್ಟವಳು ಆ ಹುಡುಗಿಯೇ, ಡಾಕ್ಟರ್ ಅಲ್ಲ. ಅದು ನನಗೆ ತುಂಬಾ ಇಷ್ಟವಾದ ಸಂಗತಿ. ಚಿಕ್ಕಂದಿನಲ್ಲಿ ಮನೆಯವರ ಜೊತೆ ಕಲಿತ ರೀತಿ ದೊಡ್ಡವರಾದ ಮೇಲೂ ನಮಗೆ ಗೊತ್ತಿಲ್ಲದ ಹಾಗೆ ಮುಂದುವರಿಯುತ್ತದೆ, ಅದನ್ನು ಗುರುತು ಹಿಡಿದರೆ ಅದರ ಹಿಡಿತ ಸಡಿಲವಾಗುತ್ತದೆ ಅನ್ನೋದು ಇದರ ತಿರುಳು. ಈಗ ಯಾರೂ ದಿನಾ ಹೋಗಿ ಸೋಫಾ ಮೇಲೆ ಮಲಗಬೇಕಾಗಿಲ್ಲ, ವಾರಕ್ಕೊಂದು ಸಲ ಎದುರುಬದುರು ಕೂತು ಮಾತಾಡುತ್ತಾರೆ. ಪ್ರತಿ ಸಂಬಂಧವೂ ಒಂದೇ ಥರ ಮುರಿದುಬೀಳುತ್ತಿದೆ, ಪ್ರತಿ ಕೆಲಸದಲ್ಲೂ ಮೇಲಧಿಕಾರಿ ಜೊತೆ ಅದೇ ಜಗಳ ಅನ್ನೋರಿಗೆ ಇದು ತುಂಬಾ ಉಪಯೋಗ. ಆದರೆ ಹಾಸಿಗೆಯಿಂದ ಏಳೋಕೇ ಆಗದವನಿಗೆ ಮೊದಲ ಹೆಜ್ಜೆಯಾಗಿ ಇದನ್ನು ನಾನು ಆರಿಸೋದಿಲ್ಲ. ಇದು ನನ್ನ ಅಭಿಪ್ರಾಯ, ಬೇರೆಯವರು ಒಪ್ಪದೇ ಇರಬಹುದು. ಮೊದಲು ಅವನು ಓಡಾಡುವ ಹಾಗಾಗಲಿ, ಆಮೇಲೆ ಬೇಕಾದರೆ ಇದಕ್ಕೆ ಹೋಗಬಹುದು.

ಹಿಪ್ನಾಟಿಸಂ ಬಗ್ಗೆ ಎರಡೇ ಮಾತು. ನೋವು ಕಡಿಮೆ ಮಾಡೋದಕ್ಕೆ, ಕೆಲವು ಹೊಟ್ಟೆ ತೊಂದರೆಗಳಿಗೆ ಬೇರೆ ಚಿಕಿತ್ಸೆ ಜೊತೆ ಉಪಯೋಗಿಸುತ್ತಾರೆ. ಖಿನ್ನತೆಗೆ ಅದು ಮೊದಲ ಚಿಕಿತ್ಸೆಯಲ್ಲ, ಎರಡು ಸಿಟ್ಟಿಂಗ್‌ನಲ್ಲಿ ವಾಸಿ ಮಾಡುತ್ತೇವೆ ಅನ್ನೋರ ಹತ್ತಿರ ದಯವಿಟ್ಟು ಹೋಗಬೇಡಿ.

ಸಿಬಿಟಿಗೆ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಗೆ ಬರೋಣ. ಫಿಲಡೆಲ್ಫಿಯಾದ ಆರನ್ ಬೆಕ್ ಅನ್ನೋ ಸೈಕಿಯಾಟ್ರಿಸ್ಟ್ 1960ರ ದಶಕದಲ್ಲಿ ಇದನ್ನು ಕಟ್ಟಿದರು. ಅವರು ಕಲಿತಿದ್ದು ಫ್ರಾಯ್ಡ್ ದಾರಿಯನ್ನೇ. ಖಿನ್ನತೆ ಇರುವವರ ಮಾತು ಕೇಳುತ್ತಾ ಕೇಳುತ್ತಾ ಅವರಿಗೆ ಒಂದು ವಿಷಯ ಗಮನಕ್ಕೆ ಬಂತು. ಈ ಜನ ಹೇಳುವ ಮಾತಿನ ಅಡಿಯಲ್ಲಿ ಇನ್ನೊಂದು ಮಾತು ಓಡುತ್ತಿರುತ್ತದೆ, ತಾನಾಗೇ ಬರುತ್ತದೆ, ಬಂದ ತಕ್ಷಣ ನಿಜ ಅನ್ನಿಸಿಬಿಡುತ್ತದೆ. ಸ್ನೇಹಿತ ಬೈಕಲ್ಲಿ ನಿಲ್ಲಿಸದೇ ಹೋದ, ತಕ್ಷಣ "ನಾನು ಯಾರಿಗೂ ಬೇಡ". ಫೋನ್ ರಿಂಗಾಯಿತು, ತಕ್ಷಣ "ರಿಸಲ್ಟ್ ಕೇಳೋಕೇ ಮಾಡ್ತಿರೋದು". ಆ ಯೋಚನೆಯನ್ನ ಹಿಡಿದು, ಅದಕ್ಕೆ ಸಾಕ್ಷಿ ಏನಿದೆ ಅಂತ ಇಬ್ಬರೂ ಸೇರಿ ನೋಡೋದು ಸಿಬಿಟಿಯ ಒಂದು ಅರ್ಧ. ಇನ್ನೊಂದು ಅರ್ಧ ನಡವಳಿಕೆ, ಅಂದರೆ ದಿನವಿಡೀ ಏನು ಮಾಡುತ್ತೀರಿ ಅನ್ನೋದು. ವಾರಕ್ಕೊಂದು ಸಲ, ಸುಮಾರು 50 ನಿಮಿಷ, ಸಾಮಾನ್ಯವಾಗಿ 12ರಿಂದ 20 ಸಲ.

ನಿಮ್ಮ ತಮ್ಮನ ವಿಷಯದಲ್ಲಿ ನಾನು ಶುರು ಮಾಡೋದು ಆ ಎರಡನೇ ಅರ್ಧದಿಂದ. ಇದನ್ನು ಬಿಹೇವಿಯರಲ್ ಆ್ಯಕ್ಟಿವೇಶನ್ ಅಂತಾರೆ. ಕನ್ನಡದಲ್ಲಿ ನಾನು "ಮಾಡಿ ನೋಡುವ ಚಿಕಿತ್ಸೆ" ಅಂತ ಹೇಳುತ್ತೇನೆ. 1996ರಲ್ಲಿ ಅಮೆರಿಕದ ಜೇಕಬ್‌ಸನ್ ಅವರ ತಂಡ ಸಿಬಿಟಿಯನ್ನ ಬಿಡಿಬಿಡಿಯಾಗಿ ಬಿಚ್ಚಿ ನೋಡಿತು. ಈ ಭಾಗ ಒಂದನ್ನೇ ಕೊಟ್ಟವರೂ ಪೂರ್ತಿ ಸಿಬಿಟಿ ತೆಗೆದುಕೊಂಡವರಷ್ಟೇ ಚೇತರಿಸಿಕೊಂಡಿದ್ದರು. ನಮ್ಮ ದೇಶದಲ್ಲೇ, ಗೋವಾದಲ್ಲಿ, ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಮೊದಲು ಈ ಕ್ಷೇತ್ರದ ತರಬೇತಿಯೇ ಇಲ್ಲದಿದ್ದ ಸ್ಥಳೀಯರಿಗೆ ಇದನ್ನು ಕಲಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆ ಇದ್ದವರಿಗೆ 6ರಿಂದ 8 ಸಲ ಕೊಡಿಸಿದರು. 495 ಜನರ ಮೇಲೆ ನಡೆದ ಆ ಪ್ರಯೋಗದಲ್ಲಿ, ಮಾಮೂಲಿ ಚಿಕಿತ್ಸೆ ಮಾತ್ರ ಸಿಕ್ಕವರಿಗಿಂತ ಇವರು ಚೆನ್ನಾಗಿ ಚೇತರಿಸಿಕೊಂಡರು. ಹಳ್ಳಿಯವರಿಗೆ ಇದೆಲ್ಲ ಆಗಿಬರೋಲ್ಲ ಅಂತ ಯಾರಾದರೂ ಹೇಳಿದರೆ ನಾನು ಈ ಗೋವಾದ ಕೆಲಸವನ್ನೇ ತೋರಿಸುತ್ತೇನೆ.

ಹೇಗಿರುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಒಬ್ಬಿಬ್ಬರ ವಿವರ ಸೇರಿಸಿ, ಗುರುತು ಸಿಗದ ಹಾಗೆ ಬದಲಾಯಿಸಿದ್ದೇನೆ. ಶ್ರೀರಂಗಪಟ್ಟಣದ ಕಡೆಯ ಹುಡುಗ, ಹೆಚ್ಚುಕಮ್ಮಿ ನಿಮ್ಮ ತಮ್ಮನದೇ ಸ್ಥಿತಿ. ಮೊದಲ ವಾರ ಅವನಿಗೆ ಕೊಟ್ಟ ಕೆಲಸ ಇಷ್ಟೇ: ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು, ಎರಡೆರಡು ಗಂಟೆಗೊಮ್ಮೆ ಏನು ಮಾಡ್ತಿದ್ದೆ, ಮನಸ್ಸು ಹತ್ತಕ್ಕೆ ಎಷ್ಟಿತ್ತು ಅಂತ ಬರೆಯೋದು. ತಂದ. "ಮಲಗಿದ್ದೆ, 1. ಮೊಬೈಲ್, 2. ಮಲಗಿದ್ದೆ, 1." ಪುಟಗಟ್ಟಲೆ ಅದೇ. ಗುರುವಾರ ಸಂಜೆ ಆರಕ್ಕೆ ಮಾತ್ರ 4 ಅಂತ ಇತ್ತು. ಏನಪ್ಪ ಅವತ್ತು ಅಂದೆ. ತಂಗಿ ಮನೆಯಲ್ಲಿ ಇರಲಿಲ್ಲ, ಕರು ಹಗ್ಗ ಬಿಚ್ಚಿಕೊಂಡು ಹೋಗಿತ್ತು, ಅದನ್ನು ಹಿಡಿದು ತಂದು ಕಟ್ಟಿ ಹುಲ್ಲು ಹಾಕಿದ್ದ. ಅದನ್ನು ಅವನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ.

ಅಲ್ಲಿಂದ ಶುರು ಮಾಡಿದೆವು. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬರೋದು ಅಂತ ಅವನೇ ಹೇಳಿದ. ಮುಂದಿನ ವಾರ ಬಂದು ಒಂದು ದಿನವೂ ಹೋಗಲಿಲ್ಲ ಮೇಡಂ ಅಂದ. ಯಾಕೆ ಅಂತ ಬಿಡಿಸಿ ನೋಡಿದರೆ, ಹಾಲಿನ ಕ್ಯಾನ್ ಹೊರೋದು ಅವನಿಗೆ ಕಷ್ಟವಿರಲಿಲ್ಲ. ಡೈರಿ ಮುಂದೆ ನಿಂತಿರೋರು "ಏನ್ಲಾ, ಕೆಲಸ ಸಿಕ್ತಾ?" ಅಂತ ಕೇಳೋದು ಕಷ್ಟವಾಗಿತ್ತು. ಕೆಲಸ ದೊಡ್ಡದಾಯಿತು ಅಂತ ಅರ್ಥ. ಚಿಕ್ಕದು ಮಾಡಿದೆವು. ಒಂದು ವಾರ ಬರೀ ಆರು ಗಂಟೆಗೆ ಎದ್ದು ಕ್ಯಾನ್ ತೊಳೆದು ಜಗಲಿ ಮೇಲೆ ಇಡೋದು. ಆಮೇಲೆ ವಾರಕ್ಕೆ ಮೂರು ದಿನ, ಸಾಲು ಕರಗಿದ ಮೇಲೆ ಕೊನೆಯಲ್ಲಿ ಹೋಗೋದು. ಯಾರಾದರೂ ಕೇಳಿದರೆ ಹೇಳೋಕೆ ಒಂದು ಉತ್ತರವನ್ನೂ ನನ್ನ ಕೋಣೆಯಲ್ಲೇ ನಾಲ್ಕೈದು ಸಲ ಜೋರಾಗಿ ಹೇಳಿಸಿದೆ: "ಇನ್ನೂ ನೋಡ್ತಾ ಇದೀನಿ ಮಾವ." ಹೇಳಿ, ಕ್ಯಾನ್ ಎತ್ತಿಕೊಂಡು ಬಂದುಬಿಡೋದು. ಆರನೇ ವಾರ ಬಂದಾಗ ಶೇವಿಂಗ್ ಮಾಡಿಕೊಂಡಿದ್ದ. ಅದು ನಾವು ಪಟ್ಟಿಯಲ್ಲಿ ಬರೆದಿರದ ಕೆಲಸ.

ಖಿನ್ನತೆಯಲ್ಲಿ ಎಲ್ಲರೂ "ಮನಸ್ಸು ಬಂದ ಮೇಲೆ ಮಾಡ್ತೀನಿ" ಅಂತ ಕಾಯುತ್ತಾರೆ. ಮನಸ್ಸು ಬರೋದೇ ಇಲ್ಲ, ಅದೇ ಕಾಯಿಲೆ. ಈ ಚಿಕಿತ್ಸೆಯಲ್ಲಿ ಮನಸ್ಸಿಗೆ ಕಾಯದೆ ಚಿಕ್ಕ ಕೆಲಸ ಮಾಡಿಸುತ್ತೇವೆ, ಮನಸ್ಸು ನಿಧಾನವಾಗಿ ಹಿಂದಿನಿಂದ ಬರುತ್ತದೆ. ಕೇಳೋಕೆ ಇದೂ ಬುದ್ಧಿಮಾತಿನ ಹಾಗೇ ಇದೆ ಅಲ್ವಾ? ಆದರೆ ಯಾವ ಕೆಲಸ, ಎಷ್ಟು ಚಿಕ್ಕದು, ಎಷ್ಟು ಗಂಟೆಗೆ, ಅಡ್ಡ ಬಂದಿದ್ದು ಏನು ಅಂತ ನೋಡೋದರಲ್ಲೇ ಎಲ್ಲ ಇದೆ. "ಏನಾದರೂ ಮಾಡು" ಅನ್ನೋದಕ್ಕೂ "ಆರಕ್ಕೆ ಕ್ಯಾನ್ ತೊಳಿ" ಅನ್ನೋದಕ್ಕೂ ಇರುವ ದೂರ ದೊಡ್ಡದು.

ಯೋಚನೆ ನೋಡೋ ಕೆಲಸ ಆಮೇಲೆ ಬಂತು. "ಅಪ್ಪ ನನ್ನ ಮುಖ ನೋಡೋಕೂ ಇಷ್ಟಪಡಲ್ಲ" ಅಂತ ಅವನು ಪ್ರತಿ ಸಲ ಹೇಳುತ್ತಿದ್ದ. "ಹಾಗೆಲ್ಲ ಇಲ್ಲಪ್ಪ" ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲವಲ್ಲ! ಒಂದು ವಾರ ಸುಮ್ನೆ ಗಮನಿಸಿ ಎರಡೂ ಕಡೆಯ ಸಾಕ್ಷಿ ಬರೆದುಕೊಂಡು ಬಾ ಅಂದೆ. ಒಂದು ಕಡೆ ಬರೆದಿದ್ದ: ಮಂಗಳವಾರ ಬೈದರು, ಶುಕ್ರವಾರ ಮಾತಾಡಿಸಲಿಲ್ಲ. ಇನ್ನೊಂದು ಕಡೆ ಒಂದೇ ಸಾಲು: ರಾತ್ರಿ ಗದ್ದೆಯಿಂದ ಬಂದ ತಕ್ಷಣ ಅಮ್ಮನ ಹತ್ತಿರ "ಅವ್ನು ಉಂಡ್ನಾ?" ಅಂತ ಕೇಳ್ತಾರೆ, ಏಳು ದಿನವೂ ಕೇಳಿದರು. ಅದನ್ನು ಅವನು ಮೊದಲೂ ಕೇಳಿಸಿಕೊಂಡಿದ್ದ, ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ. ಸಿಬಿಟಿ ಅಂದರೆ "ಪಾಸಿಟಿವ್ ಆಗಿ ಯೋಚನೆ ಮಾಡು" ಅನ್ನೋದಲ್ಲ. ರೋಗಿ ಜೊತೆ ವಾದ ಮಾಡಿ ಗೆಲ್ಲೋದೂ ಅಲ್ಲ. ಕೆಲವು ಯೋಚನೆ ನಿಜವಾಗಿಯೇ ಇರುತ್ತದೆ. ನಿಮ್ಮ ತಮ್ಮನಿಗೆ ನಾಲ್ಕು ವರ್ಷ ಹೋಗಿದ್ದು ನಿಜ, ಪರೀಕ್ಷೆ ಆಗದೇ ಇದ್ದದ್ದು ನಿಜ. ಅದನ್ನು ಇಲ್ಲ ಅನ್ನೋಕಾಗಲ್ಲ. ಅಂಥದ್ದಕ್ಕೆ ಮುಂದೇನು ಮಾಡಬಹುದು ಅಂತ ಪೇಪರ್ ಮೇಲೆ ಬರೆದು ಒಂದೊಂದಾಗಿ ನೋಡಬೇಕು, ಕಳೆದುಕೊಂಡಿದ್ದಕ್ಕೆ ಸ್ವಲ್ಪ ಅಳೋಕೂ ಜಾಗ ಬೇಕು.

ಅದಕ್ಕೇ ಅಂತ ಇನ್ನೊಂದು ಪದ್ಧತಿ ಇದೆ, ಇಂಟರ್‌ಪರ್ಸನಲ್ ಥೆರಪಿ. ನಿಮಗೆ ಯಾರೂ ಇದರ ಹೆಸರು ಹೇಳಿಲ್ಲ, ಆದರೆ ತಿಳಿದುಕೊಳ್ಳಬೇಕಾದ್ದು. 1970ರ ದಶಕದಲ್ಲಿ ಕ್ಲರ್ಮನ್ ಮತ್ತು ವೈಸ್‌ಮನ್ ಅನ್ನೋರು ಖಿನ್ನತೆಗಾಗಿಯೇ ಬೆಳೆಸಿದ್ದು. ಸಾವು, ಮನೆಯ ಜಗಳ, ಬದುಕಿನಲ್ಲಿ ಪಾತ್ರ ಬದಲಾಗೋದು, ಒಂಟಿತನ, ಇವುಗಳಲ್ಲಿ ಯಾವುದರ ಸುತ್ತ ಈ ಖಿನ್ನತೆ ಹುಟ್ಟಿತು ಅಂತ ಹಿಡಿದು ಅದರ ಮೇಲೆ 12ರಿಂದ 16 ವಾರ ಕೆಲಸ ಮಾಡುತ್ತಾರೆ. ನಾಲ್ಕು ವರ್ಷ ನಿಮ್ಮ ತಮ್ಮ ಊರಿಗೆಲ್ಲ "ಮೈಸೂರಲ್ಲಿ ಓದ್ತಾ ಇರೋ ಹುಡುಗ" ಆಗಿದ್ದ. ಈಗ ಅವನು ಯಾರು ಅನ್ನೋದು ಅವನಿಗೇ ಗೊತ್ತಿಲ್ಲ. ಇದನ್ನು ಬಲ್ಲ ಥೆರಪಿಸ್ಟ್ ಸಿಕ್ಕರೆ ಇದೂ ಒಳ್ಳೆಯ ಆಯ್ಕೆಯೇ.

ಬೇರೆ ಕಾಯಿಲೆಗಳಿಗೆ ಬೇರೆ ದಾರಿ. ಇದನ್ನು ಓದುವ ಬೇರೆಯವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಒಸಿಡಿ ಇರೋರಿಗೆ, ಅಂದರೆ ಕೈ ತೊಳೆದದ್ದೇ ತೊಳೆಯೋದು, ಬೀಗ ನೋಡಿದ್ದೇ ನೋಡೋದು, ಅಂಥವರಿಗೆ ಸುಮ್ನೆ ಕೂತು ಮಾತಾಡಿದರೆ ಪ್ರಯೋಜನ ಕಡಿಮೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ತೋರಿಸಿದ ದಾರಿಯೇ ಇವತ್ತಿಗೂ ಮುಖ್ಯ: ಭಯ ಹುಟ್ಟಿಸೋದನ್ನ ಎದುರಿಸಬೇಕು, ಆಮೇಲೆ ಆ ತೊಳೆಯೋದು, ನೋಡೋದು ಮಾಡಬಾರದು. ಕುವೆಂಪುನಗರದ ಗೃಹಿಣಿಯೊಬ್ಬರು ಗ್ಯಾಸ್ ಆಫ್ ಆಗಿದೆಯಾ ಅಂತ ಇಪ್ಪತ್ತು ಸಲ ನೋಡುತ್ತಿದ್ದರು. ಒಂದೇ ಸಲ ಆಫ್ ಮಾಡಿ, ಮನೆಗೆ ಬೀಗ ಹಾಕಿ, ಕುಕ್ಕರಹಳ್ಳಿ ಕೆರೆ ಸುತ್ತ ನಡೆದು ಬರೋದು ಅವರ ಅಭ್ಯಾಸ. ಮೊದಲ ದಿನ ಅರ್ಧ ಸುತ್ತಿಗೆ ಬೆವರಿಳಿಯಿತು. ಗಂಡನಿಗೆ ಫೋನ್ ಮಾಡಿ "ಆಫ್ ಮಾಡಿದ್ದೆ ಅಲ್ವಾ?" ಅಂತ ಕೇಳೋದನ್ನೂ ನಿಲ್ಲಿಸಬೇಕಿತ್ತು, ಗಂಡ ಪ್ರೀತಿಯಿಂದ "ಹೂಂ, ಮಾಡಿದ್ದೀಯ" ಅನ್ನೋದೂ ಕಾಯಿಲೆಗೆ ಗೊಬ್ಬರ ಹಾಕಿದ ಹಾಗೆ. ಭಯ ಏರುತ್ತದೆ, ನಿಲ್ಲುತ್ತದೆ, ತಾನಾಗೇ ಇಳಿಯುತ್ತದೆ. ಅದನ್ನು ಮೈಯೇ ಕಲಿಯಬೇಕು, ಕಿವಿಗೆ ಎಷ್ಟು ಹೇಳಿದರೂ ಸಾಲದು.

ಕೋಪ, ದುಃಖ ತಡೆಯೋಕಾಗದೆ ಕೈ ಕುಯ್ದುಕೊಳ್ಳುವವರಿಗೆ ಡಿಬಿಟಿ ಇದೆ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಅಂಥ ಭಾವನೆಗಳನ್ನ ತಡೆದುಕೊಳ್ಳೋದನ್ನ ಕಲಿಸುವ ಚಿಕಿತ್ಸೆ. ಅದನ್ನು ಕಟ್ಟಿದ ಮಾರ್ಷಾ ಲೈನಹನ್ ತಾವೇ 17ನೇ ವಯಸ್ಸಿನಲ್ಲಿ ಅದೇ ತೊಂದರೆಯಿಂದ ಆಸ್ಪತ್ರೆ ಸೇರಿದ್ದವರು. 2011ರಲ್ಲಿ ಅದನ್ನು ಎಲ್ಲರೆದುರು ಹೇಳಿದರು. ಅಪಘಾತ, ಹಲ್ಲೆಯಂಥ ಆಘಾತದ ನೆನಪು ಬಿಡದೇ ಕಾಡುವವರಿಗೆ ಆ ನೆನಪನ್ನೇ ಸುರಕ್ಷಿತವಾಗಿ ಎದುರಿಸುವ ಚಿಕಿತ್ಸೆಗಳಿವೆ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಇದ್ದರೆ ಮಾತ್ರೆಯೇ ತಳಪಾಯ, ಥೆರಪಿ ಅದರ ಮೇಲೆ. ಮಾತ್ರೆ ಬಿಡಿಸಿ ಬರೀ ಮಾತಿನಿಂದ ವಾಸಿ ಮಾಡುತ್ತೇನೆ ಅನ್ನೋರನ್ನ ನಂಬಬೇಡಿ. ಆದರೆ ಅಲ್ಲೂ ಮನೆಯವರ ಜೊತೆ ಮಾಡುವ ಕೆಲಸ ತುಂಬಾ ದೊಡ್ಡದು. ಮನೆಯಲ್ಲಿ ಟೀಕೆ, ಸಿಟ್ಟು ಜಾಸ್ತಿ ಇದ್ದರೆ ಕಾಯಿಲೆ ಮರುಕಳಿಸೋದು ಜಾಸ್ತಿ ಅಂತ ಮೊದಲು ಲಂಡನ್ನಿನಲ್ಲಿ, ಆಮೇಲೆ ಚಂಡೀಗಢದಲ್ಲೂ ನೋಡಿದ್ದಾರೆ. ಮನೆಯವರನ್ನು ಚಿಕಿತ್ಸೆಯ ಒಳಗೆ ತಂದಿದ್ದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಟೆಂಟ್ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಳ್ಳುತ್ತಿದ್ದರು.

ಹಾಗಾದರೆ ಹೆಸರು ನೋಡಿ ಆರಿಸಬೇಕಾ, ಮನುಷ್ಯರನ್ನ ನೋಡಿ ಆರಿಸಬೇಕಾ? ಎರಡೂ. ಆದರೆ ಖಿನ್ನತೆಯ ಮಟ್ಟಿಗೆ ಹೇಳೋದಾದರೆ ಮನುಷ್ಯರದ್ದು ಸ್ವಲ್ಪ ಜಾಸ್ತಿ ತೂಕ. ಕಾರ್ಲ್ ರಾಜರ್ಸ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು 1950ರ ಸುಮಾರಿಗೇ ಇದನ್ನು ಹೇಳಿದ್ದರು, ಎದುರಿಗೆ ಕೂತವನನ್ನ ಅಳೆಯದೆ, ಅವನ ಜಾಗದಲ್ಲಿ ನಿಂತು ಕೇಳಿಸಿಕೊಳ್ಳೋದೇ ಚಿಕಿತ್ಸೆಯ ಜೀವ ಅಂತ. ಆಮೇಲೆ ಬಂದ ಎಷ್ಟೋ ಅಧ್ಯಯನಗಳಲ್ಲೂ, ಪದ್ಧತಿ ಯಾವುದೇ ಇರಲಿ, ಇಬ್ಬರ ನಡುವೆ ನಂಬಿಕೆ, ಎಲ್ಲಿಗೆ ಹೋಗಬೇಕು ಅನ್ನೋದರಲ್ಲಿ ಒಪ್ಪಿಗೆ, ಏನು ಮಾಡಬೇಕು ಅನ್ನೋದರಲ್ಲಿ ಒಪ್ಪಿಗೆ ಇದ್ದರೆ ಫಲ ಚೆನ್ನಾಗಿರುತ್ತದೆ ಅಂತ ಕಂಡಿದೆ. ನಮ್ಮ ಜನಕ್ಕೆ ಇನ್ನೊಂದು ವಿಷಯವೂ ಇದೆ. 1973ರಲ್ಲಿ ನಮ್ಮ ದೇಶದ ಮನೋವೈದ್ಯ ಡಾ. ಜೆ.ಎಸ್. ನೇಕಿ, ಭಾರತದ ರೋಗಿ ಥೆರಪಿಸ್ಟ್‌ನನ್ನ ಗುರುವಿನ ಹಾಗೆ ನೋಡುತ್ತಾನೆ, ಗುರು-ಶಿಷ್ಯರ ಸಂಬಂಧದ ಮಾದರಿಯನ್ನೇ ಚಿಕಿತ್ಸೆಗೆ ಬಳಸಿಕೊಳ್ಳಬಹುದು ಅಂತ ಬರೆದರು. ನನ್ನ ಅನುಭವವೂ ಅದೇ. ಮಂಡ್ಯದಿಂದ ಬಸ್ಸು ಹತ್ತಿ ಬಂದವರ ಮುಂದೆ ಥೆರಪಿಸ್ಟ್ ಬಾಯಿ ಬಿಡದೆ ಕೂತರೆ ಅವರಿಗೆ ಅವಮಾನ ಆದ ಹಾಗಾಗುತ್ತದೆ. ಹಾಗಾಗಿ ನಾನು ದಾರಿ ತೋರಿಸುತ್ತೇನೆ, ಏನು ಮಾಡಬೇಕು ಅಂತ ಸ್ಪಷ್ಟವಾಗಿ ಹೇಳುತ್ತೇನೆ. ಏನು ಅನ್ನಿಸಬೇಕು ಅಂತ ಮಾತ್ರ ಹೇಳೋದಿಲ್ಲ.

ಯಾರ ಹತ್ತಿರ ಹೋಗಬೇಕು? ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್, ಅವರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯೋದಿಲ್ಲ, ಥೆರಪಿ ಮಾಡುತ್ತಾರೆ. ಅವರಿಗೆ ಆರ್‌ಸಿಐ, ಅಂದರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರಬೇಕು. ನಂಬರ್ ಕೇಳಿ, ಸಂಕೋಚ ಬೇಡ, ಸರಿಯಾದವರು ಬೇಜಾರು ಮಾಡಿಕೊಳ್ಳೋದಿಲ್ಲ. ಎರಡು ದಿನದ ಕೋರ್ಸ್ ಮಾಡಿ ಥೆರಪಿಸ್ಟ್ ಅಂತ ಬೋರ್ಡ್ ಹಾಕಿಕೊಂಡವರೂ ಇದ್ದಾರೆ, ಅದಕ್ಕೇ ಹೇಳುತ್ತಿರೋದು. ನಿಮಗೆ ಹತ್ತಿರ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗ. ಮೈಸೂರಿಗೆ ಬರೋದಾದರೆ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ. ಥೆರಪಿಗೆ ಅಂತ ಬಂದಿದ್ದೇವೆ, ಯಾವ ದಿನ ಬರಬೇಕು ಅಂತ ಮೊದಲೇ ಕೇಳಿ, ಒಪಿಡಿಯ ನೂಕುನುಗ್ಗಲಿನಲ್ಲಿ 50 ನಿಮಿಷ ಸಿಗೋದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚು ತುಂಬಾ ಕಡಿಮೆ, ಅಪ್ಪನ ಸಾವಿರ ರೂಪಾಯಿ ಚಿಂತೆಗೆ ಅದು ಉತ್ತರ.

ಮಾತ್ರೆ ನಿಲ್ಲಿಸಬೇಡಿ. ನಿದ್ದೆ, ಊಟ ಸರಿಹೋಗಿದೆ ಅಂದರೆ ಅದು ಕೆಲಸ ಮಾಡುತ್ತಿದೆ. ಖಿನ್ನತೆ ಜಾಸ್ತಿ ಇದ್ದಾಗ ಮಾತ್ರೆ, ಥೆರಪಿ ಎರಡೂ ಸೇರಿದರೆ ಒಂದೊಂದಕ್ಕಿಂತ ಚೆನ್ನಾಗಿ ಗುಣವಾಗುತ್ತದೆ. ಪೂರ್ತಿ ಚೇತರಿಸಿಕೊಂಡ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಿ ಅಂತ ಸಾಮಾನ್ಯವಾಗಿ ಡಾಕ್ಟರ್ ಹೇಳುತ್ತಾರೆ, ಬಿಡುವಾಗಲೂ ಅವರೇ ನಿಧಾನವಾಗಿ ಇಳಿಸಬೇಕು. ಎರಡು ತಿಂಗಳಾದರೂ ಉತ್ಸಾಹ ಬಂದಿಲ್ಲ ಅನ್ನೋದನ್ನ ಮುಂದಿನ ಭೇಟಿಯಲ್ಲಿ ಹೇಳಲೇಬೇಕು, ಡೋಸ್ ಬಗ್ಗೆ ಅವರು ಯೋಚನೆ ಮಾಡಬಹುದು.

ಇನ್ನೊಂದು ಮಾತು, ನೀವು ಕೇಳಿಲ್ಲ ಆದರೂ ಹೇಳಬೇಕು. ಸಾಯೋ ಯೋಚನೆ ಬರುತ್ತಾ ಅಂತ ತಮ್ಮನನ್ನ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಅನ್ನೋ ಭಯ ಬೇಡ, ಹಾಗಾಗೋದಿಲ್ಲ, ಎಷ್ಟೋ ಜನ ಯಾರಾದರೂ ಕೇಳಲಿ ಅಂತಲೇ ಕಾಯುತ್ತಿರುತ್ತಾರೆ. ಗದ್ದೆಗೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇವತ್ತೇ ಹೊರಗೆ ಹಾಕಿ, ಬೇರೆ ಯಾರದಾದರೂ ಮನೆಯಲ್ಲಿ ಬೀಗ ಹಾಕಿಸಿ ಇಡಿ. ಅವನ ಮಾತ್ರೆಯೂ ನಿಮ್ಮ ಕೈಯಲ್ಲಿರಲಿ. ಹೌದು, ಯೋಚನೆ ಬರುತ್ತದೆ ಅಂದರೆ ಥೆರಪಿ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಒಬ್ಬನೇ ಬಿಡಬೇಡಿ, ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಇದೆ, 2022ರಿಂದ ನಡೆಯುತ್ತಿದೆ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮಗೇ ದಿಕ್ಕು ತೋಚದಿದ್ದಾಗ ನೀವೂ ಫೋನ್ ಮಾಡಬಹುದು.

ಥೆರಪಿ ಶುರುವಾದ ಮೇಲೆ ಒಂದೇ ಸಲಕ್ಕೆ ತೀರ್ಮಾನ ಮಾಡಬೇಡಿ. ನಾಲ್ಕು ಸಲ ಹೋಗಲಿ. ಆಮೇಲೆ ಅವನನ್ನೇ ಕೇಳಿ: ನಿನ್ನ ಮಾತು ಕೇಳಿಸಿಕೊಳ್ತಾರಾ? ಏನಕ್ಕೆ ಹೋಗ್ತಿದ್ದೀಯ ಅಂತ ನಿನಗೆ ಗೊತ್ತಾ? ಮನೆಯಲ್ಲಿ ಮಾಡೋಕೆ ಏನಾದರೂ ಕೊಡ್ತಾರಾ? ಮೂರಕ್ಕೂ ಇಲ್ಲ ಅಂದರೆ ಥೆರಪಿಸ್ಟ್‌ಗೇ ಹೇಳಲಿ, ಅದರಿಂದಲೂ ಸರಿಹೋಗದಿದ್ದರೆ ಬೇರೆಯವರನ್ನ ನೋಡಿ. ಅದರಲ್ಲಿ ತಪ್ಪೇನಿಲ್ಲ. ಎಂಟು ಹತ್ತು ಸಲ ಆದ ಮೇಲೂ ಏನೂ ಬದಲಾಗದಿದ್ದರೆ ಪದ್ಧತಿಯನ್ನೇ ಬದಲಾಯಿಸೋ ಯೋಚನೆ ಮಾಡಬೇಕು.

ಮೊದಲ ದಿನ ನೀವೇ ಜೊತೆಗೆ ಬನ್ನಿ. ಸ್ವಲ್ಪ ಹೊತ್ತು ನಿಮ್ಮನ್ನೂ ಒಳಗೆ ಕರೆದು ಮಾತಾಡಿಸಬಹುದು, ಆಮೇಲೆ ಹೊರಗೆ ಕೂರಬೇಕಾಗುತ್ತದೆ. ಅವನು ಒಳಗೆ ಹೇಳಿದ್ದು ಒಳಗೇ ಇರುತ್ತದೆ, ಜೀವಕ್ಕೆ ಅಪಾಯ ಇದ್ದಾಗ ಬಿಟ್ಟು ಥೆರಪಿಸ್ಟ್ ನಿಮಗೂ ಹೇಳೋದಿಲ್ಲ. ರೋಗಿಯ ವಿಷಯ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಮೊದಲ ದಿನ ಅವನು ತಲೆ ಬಗ್ಗಿಸಿಕೊಂಡು ನಾಲ್ಕು ಮಾತಾಡಿದರೂ ಸಾಕು, ನಾವು ಅದಕ್ಕೆ ತಯಾರಾಗೇ ಇರುತ್ತೇವೆ. ವಾಪಸ್ ಬರುವಾಗ ಬಸ್ಸಿನಲ್ಲಿ "ಏನು ಕೇಳಿದರು, ನೀನೇನು ಹೇಳಿದೆ" ಅಂತ ಕೇಳಬೇಡಿ. ಕಿಟಕಿ ಪಕ್ಕದ ಸೀಟು ಅವನಿಗೆ ಬಿಡಿ. ಮದ್ದೂರು ವಡೆ ಸಿಕ್ಕರೆ ಎರಡು ಕಟ್ಟಿಸಿಕೊಳ್ಳಿ, ಅವನು ತಿಂದರೆ ತಿನ್ನಲಿ. ಮಾತು ಅವನಾಗೇ ತೆಗೆದಾಗ ಕೇಳಿಸಿಕೊಳ್ಳಿ.